ಅಂಗಳದಲ್ಲಿ ಕ್ಯಾಮೆರಾ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಆಚರಣೆ, ಹಾಡು, ನಂಬಿಕೆಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಹೊರಟವರು ಏನು ಬೇಕಾದರೂ ಕೇಳಿ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಪತ್ರಗಳು ತುಂಬಾ ಬಂದಿವೆ. ನನ್ನ ಪರಿಚಯ ಇಲ್ಲದವರಿಗೆ ಎರಡು ಮಾತು. ನಾನು ಪುತ್ತೂರು ಕಡೆಯವಳು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಮೊದಲ ಆರು ವರ್ಷ ಬೇರೆಯವರ ಚಿತ್ರಗಳಿಗೆ ಧ್ವನಿ ರೆಕಾರ್ಡ್ ಮಾಡಿಕೊಡುತ್ತಿದ್ದೆ. ಆಮೇಲೆ ನಾನೇ ಚಿತ್ರ ಮಾಡತೊಡಗಿದೆ. ಹೆಚ್ಚಾಗಿ ಓಡಾಡಿದ್ದು ತುಳುನಾಡಿನ ಕೋಲ, ನೇಮಗಳಲ್ಲಿ, ಅಂದರೆ ದೈವ ಮನುಷ್ಯನ ಮೈಮೇಲೆ ಬಂದು ಕುಣಿದು ಮಾತಾಡುವ ರಾತ್ರಿಯ ಆಚರಣೆಗಳಲ್ಲಿ. ಹಾಗಾಗಿ ಉತ್ತರಗಳಲ್ಲಿ ಆ ಅಂಗಳದ ಮಾತೇ ಜಾಸ್ತಿ ಇರುತ್ತದೆ.

ಪ್ರಶ್ನೆ: ಅಕ್ಕಾ, ನಮ್ಮೂರಿನ ನೇಮವನ್ನು ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಚಿತ್ರೀಕರಿಸಬೇಕು ಅಂತಿದ್ದೇನೆ. ಗುತ್ತಿನ ಯಜಮಾನರು ನಮಗೆ ಸಂಬಂಧಿಕರು. ಅವರು "ಮಾಡು ಮಗಾ" ಅಂದಿದ್ದಾರೆ. ಇಷ್ಟು ಒಪ್ಪಿಗೆ ಸಾಕಲ್ವಾ?
– ವಿದ್ಯಾರ್ಥಿನಿ, ಉಜಿರೆ

ಉತ್ತರ: ಸಾಲದು ತಂಗೀ. ಗುತ್ತು ಅಂದರೆ ನೇಮ ನಡೆಸುವ ದೊಡ್ಡ ಮನೆ, ಅದರ ಯಜಮಾನರ ಒಪ್ಪಿಗೆ ಬೇಕೇ ಬೇಕು, ಅದು ಸಿಕ್ಕಿದ್ದು ಒಳ್ಳೆಯದಾಯಿತು. ಆದರೆ ಆ ರಾತ್ರಿ ದೈವ ಕಟ್ಟುವವರು, ಅಂದರೆ ದೈವದ ವೇಷ ತೊಟ್ಟು ಕುಣಿಯುವವರು, ಯಾರು? ಅವರ ಮನೆಗೆ ಹೋಗಿದ್ದೀಯಾ? ಪಂಬದರು, ಪರವರು, ನಲಿಕೆಯವರು ಅನ್ನುವ ಸಮುದಾಯಗಳಲ್ಲಿ ಯಾವ ದೈವಕ್ಕೆ ಯಾವ ಮನೆಯವರು ಅಂತ ತಲೆತಲಾಂತರದಿಂದ ನಡೆದು ಬಂದಿದೆ. ಕ್ಯಾಮೆರಾ ಎದುರು ಬರುವುದು ಅವರ ಮೈ, ಅವರ ಮುಖ. ಯಜಮಾನರು ಹೂಂ ಅಂದ ಮೇಲೆ ಅವರಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಅದಕ್ಕೇ ನೀನು ಒಬ್ಬಳೇ, ಕ್ಯಾಮೆರಾ ಇಲ್ಲದೆ, ನೇಮಕ್ಕೆ ಹದಿನೈದು ದಿನ ಮೊದಲೇ ಅವರ ಮನೆಗೆ ಹೋಗಬೇಕು.

ಹೋದಾಗ ಇನ್ನೊಬ್ಬರನ್ನು ಕೇಳುವುದು ಮರೆಯಬೇಡ. ಪಾಡ್ದನ, ಅಂದರೆ ದೈವದ ಕತೆಯ ಹಾಡು, ಹೇಳುವ ಹೆಂಗಸನ್ನು. ದೈವ ಕಟ್ಟುವವರ ತಾಯಿಯೋ ಹೆಂಡತಿಯೋ ಅಕ್ಕನೋ ಆಗಿರುತ್ತಾರೆ. ಮುಖಕ್ಕೆ ಅರದಾಳದ ಹಳದಿ ಬಳಿದುಕೊಳ್ಳುವ ಹೊತ್ತಿಗೆ ತೆಂಬರೆ ಅನ್ನುವ ಚಿಕ್ಕ ಚರ್ಮವಾದ್ಯ ಹಿಡಿದು ಪಾಡ್ದನ ಎತ್ತುವುದು ಅವರು. ನಾನು ನೋಡಿದ ಎಷ್ಟೋ ಚಿತ್ರಗಳಲ್ಲಿ ಅವರ ದನಿ ಇದೆ, ಮುಖ ಇಲ್ಲ. ಕೊನೆಯ ಹೆಸರುಗಳ ಪಟ್ಟಿಯಲ್ಲೂ ಇಲ್ಲ. ನಿನ್ನ ಚಿತ್ರದಲ್ಲಿ ಹಾಗಾಗಬಾರದು.

ಎಲ್ಲಿಯವರೆಗೆ ತೆಗೆಯಬಹುದು ಅನ್ನುವುದನ್ನು ಅವರ ಬಾಯಿಂದಲೇ ಕೇಳು. ಎಣ್ಣೆ ಬೂಳ್ಯ, ಅಂದರೆ ಎಣ್ಣೆ ವೀಳ್ಯ, ಕೊಡುವುದನ್ನು ತೆಗೆಯಬಹುದಾ? ಬಣ್ಣ ಹಾಕುವುದನ್ನು? ಕಾಲಿಗೆ ಕಟ್ಟುವ ಗಗ್ಗರ ಕೈಗೆತ್ತಿಕೊಂಡು ಮೈ ನಡುಗುವ ಗಳಿಗೆಯನ್ನು? ಉತ್ತರ ಮನೆಯಿಂದ ಮನೆಗೆ ಬೇರೆ. ಬಣ್ಣ ಹಾಕುವಾಗ ಬೇಡ, ಅಂಗಳಕ್ಕೆ ಇಳಿದ ಮೇಲೆ ಏನೂ ತೊಂದರೆ ಇಲ್ಲ ಅನ್ನುವವರಿದ್ದಾರೆ. ಇದಕ್ಕೆ ತಿರುಗಾಮುರುಗಾ ಹೇಳುವವರೂ ಇದ್ದಾರೆ. 2022ರಲ್ಲಿ ‘ಕಾಂತಾರ’ ಸಿನಿಮಾ ಬಂದ ಮೇಲೆ ರೀಲ್ಸ್ ಮಾಡುವವರ ಕಾಟ ಜಾಸ್ತಿಯಾಗಿ, ಕೆಲವು ಕಡೆ ಮೊಬೈಲ್ ಎತ್ತಬೇಡಿ ಅಂತ ಬೋರ್ಡ್ ಹಾಕಿದ್ದಾರೆ. ಅದನ್ನು ಅಡ್ಡಿ ಅಂತ ತಿಳಿಯಬೇಡ. ಅವರು ನೋಡಿ ನೋಡಿ ಸಾಕಾಗಿ ಹಾಕಿದ್ದು.

ಇನ್ನೊಂದು ಮಾತು. ನೇಮ ಮುಗಿದ ಕೂಡಲೇ ಸಾಮಾನು ಕಟ್ಟಿ ಹೊರಡಬೇಡ. ಬೆಳಿಗ್ಗೆ ಏಳು ಗಂಟೆಗೂ ಅಲ್ಲೇ ಇರು. ರಾತ್ರಿ ಇಡೀ ಊರು ಯಾರಿಗೆ ಕೈಮುಗಿಯಿತೋ ಅವರು ಬಣ್ಣ ತೊಳೆದು ಬಂದ ಮೇಲೆ ಎಲ್ಲಿ ಕೂರುತ್ತಾರೆ, ಎಲ್ಲಿ ಊಟ ಮಾಡುತ್ತಾರೆ, ಚಾವಡಿಗೆ ಹತ್ತುತ್ತಾರಾ ಇಲ್ವಾ ಅಂತ ನೋಡು. ನಿನ್ನ ಸಂಬಂಧಿಕರ ಮನೆ ಅಂದೆಯಲ್ಲ, ನೋಡುವುದು ಕಷ್ಟವಾಗಬಹುದು. ಆದರೂ ನೋಡು. ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಕೊಡುವುದಾಗಿ 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಹೇಳಿತು. ಅಷ್ಟು ಹಣವೂ ಒಂದು ಆಸರೆ ಅನ್ನಿಸುವಂಥ ಮನೆಗಳು ಅವು. ವರ್ಷದ ಅರ್ಧ ಭಾಗ ಕೂಲಿ, ಬೀಡಿ. ಚಿತ್ರದಲ್ಲಿ ಬರೀ ಬೆನ್ನಿಗೆ ಕಟ್ಟುವ ಅಣಿ, ಬೆಂಕಿ, ಕುಣಿತ ಇದ್ದು ಇದೇನೂ ಇಲ್ಲದಿದ್ದರೆ ಅವರ ಬದುಕನ್ನು ಅರ್ಧಕ್ಕೆ ಕತ್ತರಿಸಿದ ಹಾಗೆ.

ಪ್ರಶ್ನೆ: ಕೋಲದ ರೆಕಾರ್ಡಿಂಗ್ ಮಾಡಿದಾಗಲೆಲ್ಲ ಧ್ವನಿ ಒಡೆಯುತ್ತದೆ. ಒಳ್ಳೆಯ ಮೈಕ್ ಕೊಂಡರೂ ಅಷ್ಟೇ. ವಿಡಿಯೋದಲ್ಲಿ ಟ್ಯೂಬ್‌ಲೈಟ್ ಪಟಪಟ ಮಿಣುಕುತ್ತದೆ. ಏನು ಮಾಡಲಿ?
– ಮದುವೆ ವಿಡಿಯೋ ತೆಗೆಯುವವ, ಶಿವಮೊಗ್ಗ

ಉತ್ತರ: ಮಿಣುಕುವುದಕ್ಕೆ ಮದ್ದು ಸುಲಭ. ನಮ್ಮ ಕರೆಂಟು 50 ಹರ್ಟ್ಸ್. ಸೆಕೆಂಡಿಗೆ 25 ಫ್ರೇಮ್ ಇಟ್ಟು, ಶಟರ್ 1/50 ಮಾಡಿ. ಅಂಗಳ ಜಾಸ್ತಿ ಬೆಳಕಾಗಿದ್ದರೆ 1/100. ಟ್ಯೂಬ್‌ಲೈಟಿನ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಈಗೀಗ ಹಾಕುವ ಅಗ್ಗದ ಎಲ್‌ಇಡಿ ಸೀರಿಯಲ್ ಬಲ್ಬುಗಳು ಮಾತ್ರ ಕೆಲವೊಮ್ಮೆ ಕೇಳುವುದಿಲ್ಲ. ಅವು ಚೌಕಟ್ಟಿನೊಳಗೆ ಬಾರದ ಹಾಗೆ ನಿಂತುಕೊಳ್ಳಿ. ಅಷ್ಟು ಸಾಕು.

ಧ್ವನಿಯ ವಿಚಾರ ಬೇರೆ. ಮೈಕಿನ ತಪ್ಪಲ್ಲ ಅದು. ಕೋಲ ಅಂದರೆ ಒಂದು ಶಬ್ದ ಅಲ್ಲ. ಹೊತ್ತಿಗೊಂದು ಶಬ್ದ. ರಾತ್ರಿ ಒಂಬತ್ತಕ್ಕೆ ಬಣ್ಣದ ಮನೆ ಹತ್ತಿರ ತೆಂಬರೆ, ಪಾಡ್ದನ. ಎರಡೂ ಮೆಲ್ಲಗೆ. ಹಾಡುವವರ ಉಸಿರು ಕೂಡ ಕೇಳುತ್ತದೆ. ಮಧ್ಯರಾತ್ರಿ ಅಂಗಳದಲ್ಲಿ ನಾಗಸ್ವರ, ಡೋಲು, ತಾಸೆ ಒಟ್ಟಿಗೆ ಏರುತ್ತವೆ. ನಡುವೆ ಎಲ್ಲೋ ಗದ್ದೆಯ ಬದಿಯಲ್ಲಿ ಕದಿನ ಅನ್ನುವ ಜೋರು ಸಿಡಿಮದ್ದು ಸಿಡಿಸುತ್ತಾರೆ. ಒಂಬತ್ತು ಗಂಟೆಗೆ ಇಟ್ಟ ಮಟ್ಟದಲ್ಲೇ ಹನ್ನೆರಡಕ್ಕೂ ರೆಕಾರ್ಡ್ ಮಾಡಿದರೆ ಯಾವ ಮೈಕ್ ಆದರೂ ಒಡೆಯುತ್ತದೆ.

ನಾನು ಮಾಡುವುದು ಹೀಗೆ. ಕ್ಯಾಮೆರಾದ ಮೈಕನ್ನು ನಂಬುವುದಿಲ್ಲ, ಬೇರೆ ರೆಕಾರ್ಡರ್ ಇಡುತ್ತೇನೆ. 24 ಬಿಟ್, 48 ಕಿಲೋಹರ್ಟ್ಸ್. ಏರಿದಾಗಲೂ ಮುಳ್ಳು ಮೈನಸ್ 12 ಡೆಸಿಬಲ್ ದಾಟದ ಹಾಗೆ ಕೆಳಗಿಡುತ್ತೇನೆ. ಸಣ್ಣದಾಗಿ ಕೇಳಿದರೆ ಆಮೇಲೆ ಎತ್ತಬಹುದು, ಒಡೆದದ್ದನ್ನು ಕೂಡಿಸಲು ಆಗುವುದಿಲ್ಲ. 32 ಬಿಟ್ ಫ್ಲೋಟ್ ರೆಕಾರ್ಡರ್ ಬಾಡಿಗೆಗೆ ಸಿಕ್ಕಿದರೆ ತಂದುಕೊಳ್ಳಿ, ಕದಿನದ ಭಯ ಮುಕ್ಕಾಲು ಕಡಿಮೆ. ಆದರೂ ಮೈಕ್ ತೀರಾ ಹತ್ತಿರ ಇದ್ದರೆ ಅದರೊಳಗೇ ಒಡೆಯುತ್ತದೆ. ದೂರ ಇಡಿ.

ಕಾಲರ್ ಮೈಕನ್ನು ದೈವ ಕಟ್ಟುವವರ ಮೈಗೆ ಸಿಕ್ಕಿಸಲು ಹೋಗಲೇಬೇಡಿ. ಕೇಳುವುದೂ ಬೇಡ. ಮೈಮೇಲೆ ಸಿರಿ, ಅಂದರೆ ತೆಂಗಿನ ಎಳೆ ಗರಿಯ ಉಡುಗೆ, ಇರುತ್ತದೆ, ಅದರ ಸರಸರ ಸದ್ದೇ ಎಲ್ಲವನ್ನೂ ನುಂಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಮೈ ಆ ಹೊತ್ತಿಗೆ ನಿಮ್ಮ ಚಿತ್ರದ ಪಾತ್ರ ಅಲ್ಲ.

ಗಗ್ಗರದ ಬಗ್ಗೆ ಹೇಳದೆ ಬಿಡಲಾರೆ. ಕಾಲಿಗೆ ಕಟ್ಟುವ ಲೋಹದ ಟೊಳ್ಳು ಬಳೆ ಅದು, ಒಳಗೆ ಗುಂಡುಗಳಿವೆ. ದೂರದಿಂದ ಕೇಳಿದರೆ ಗೆಜ್ಜೆಯ ಹಾಗೆ ಒಂದೇ ಸಮನೆ ಝಲ್ ಅನ್ನುತ್ತದೆ. ನೆಲದ ಹತ್ತಿರ ಕಿವಿ ಇಟ್ಟರೆ ಬೇರೆಯೇ ಕೇಳಿಸುತ್ತದೆ. ಮೊದಲು ಹಿಮ್ಮಡಿ ಸಗಣಿ ಸಾರಿಸಿದ ಮಣ್ಣಿಗೆ ಕುಟ್ಟುವ ಸದ್ದು. ಆಮೇಲೆ ಅರೆಕ್ಷಣ ಬಿಟ್ಟು ಒಳಗಿನ ಗುಂಡುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಉರುಳುವ ಸದ್ದು. ನಿಂತ ಮೇಲೂ ಒಂದೆರಡು ಗುಂಡು ತಡವಾಗಿ ಉರುಳಿ ಸುಮ್ಮನಾಗುತ್ತವೆ. ಅಂಗಳದ ಅಂಚಿನ ತುಳಸಿಕಟ್ಟೆಯ ಬುಡದಲ್ಲಿ ಒಂದು ಚಿಕ್ಕ ರೆಕಾರ್ಡರ್ ಬಟ್ಟೆ ಸುತ್ತಿ ಇಡಿ, ಮನೆಯವರಿಗೆ ಹೇಳಿಯೇ ಇಡಿ. ಆ ಸದ್ದು ಸಿಕ್ಕಿದರೆ ಎಷ್ಟೋ ಕಡೆ ನಿಮಗೆ ಹಿನ್ನೆಲೆ ಸಂಗೀತವೇ ಬೇಡ.

ಪ್ರಶ್ನೆ: ನಾನು ಎಡಿಟರ್. ಕೋಲದ ದೃಶ್ಯ ಚೆನ್ನಾಗಿದೆ, ಆದರೆ ಪಾಡ್ದನದ ಧ್ವನಿ ಹಾಳಾಗಿದೆ. ಬೇರೆ ಕಡೆ ರೆಕಾರ್ಡ್ ಆದ ಒಳ್ಳೆಯ ಪಾಡ್ದನ ಹಾಕಿದರೆ ಆಗುತ್ತಾ? ನೋಡುವವರಿಗೆ ಗೊತ್ತಾಗಲ್ಲ.
– ಓದುಗ, ಮಂಗಳೂರು

ಉತ್ತರ: ಗೊತ್ತಾಗುತ್ತದೆ. ನನಗೆ ಹೇಗೆ ತಿಳಿಯಿತು ಅಂತ ಹೇಳುತ್ತೇನೆ.

ನನ್ನ ಮೊದಲ ಚಿತ್ರದಲ್ಲಿ ಕಲ್ಲುರ್ಟಿಯ ಕೋಲ ಇತ್ತು. ಆ ರಾತ್ರಿ ಪಾಡ್ದನ ಹೇಳಿದ ಅಜ್ಜಿಯ ಪಕ್ಕದಲ್ಲೇ ಜನರೇಟರ್ ಇಟ್ಟಿದ್ದರು. ಧ್ವನಿಯಲ್ಲಿ ಬರೀ ಗುಡುಗುಡು. ನನ್ನ ಹತ್ತಿರ ಬೇರೊಂದು ಊರಿನ ಪಾಡ್ದನ ಇತ್ತು, ಹಂದಿ ರೂಪದ ದೈವ ಪಂಜುರ್ಲಿಯದು, ಮಳೆ ನಿಂತ ಒಂದು ಮಧ್ಯಾಹ್ನ ಮನೆಯೊಳಗೆ ಕೂತು ರೆಕಾರ್ಡ್ ಮಾಡಿದ್ದು. ಬಹಳ ಚಂದದ ದನಿ. ಅದನ್ನು ತೆಗೆದು ಇಲ್ಲಿಗೆ ಹಾಕಿದೆ. ನಗರದಲ್ಲಿ ಎರಡು ಕಡೆ ತೋರಿಸಿದೆ. ಜನ ಚಪ್ಪಾಳೆ ಹೊಡೆದರು. ಯಾರೂ ಏನೂ ಹೇಳಲಿಲ್ಲ.

ನಾಲ್ಕು ತಿಂಗಳ ಮೇಲೆ ಶೂಟ್ ಆದ ಊರಿಗೇ ಪ್ರೊಜೆಕ್ಟರ್ ತೆಗೆದುಕೊಂಡು ಹೋದೆ. ಅದೇ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದೆ. ಆ ಅಜ್ಜಿ ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕಾಲು ನೀಡಿ ಕೂತಿದ್ದರು, ಮಡಿಲಲ್ಲಿ ಎಲೆಅಡಿಕೆಯ ತಟ್ಟೆ. ಪಾಡ್ದನ ಶುರುವಾಯಿತು. ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. "ಉಂದು ಎಂಕ್ಲೆನ ಅತ್ತ್" ಅಂದರು. ಇದು ನಮ್ಮದಲ್ಲ ಅಂತ. ಆಮೇಲೆ ನನ್ನ ಕಡೆ ತಿರುಗಿ, ಜೋರು ಮಾಡದೆ ಕೇಳಿದರು. "ಅಣ್ಣನ ಕೈಕಾಲು ಕಡಿದರು ಅಂತ ಇಲ್ಲಿ ತಂಗಿ ಅಳುತ್ತಾ ನಿಂತಿದ್ದಾಳೆ. ನೀನು ಹಂದಿ ಮರಿ ಹುಟ್ಟಿದ ಕತೆ ಹೇಳಿಸುತ್ತಿದ್ದೀಯಲ್ಲ ಮಗಾ?"

ಕತೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಕಲ್ಕುಡ. ಇಂಥದ್ದನ್ನು ಬೇರೆ ಎಲ್ಲೂ ಕೆತ್ತಬಾರದು ಅಂತ ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಕಲ್ಕುಡ ಉಳಿದ ಒಂದು ಕೈ, ಒಂದು ಕಾಲಿನಲ್ಲಿ ವೇಣೂರಿನ ಗೊಮ್ಮಟನನ್ನು ಕೆತ್ತಿದ. ತಂಗಿ ಕಲ್ಲುರ್ಟಿ ಅಣ್ಣನಿಗಾಗಿ ಸೇಡು ತೀರಿಸಿಕೊಂಡಳು. ಶಾಸನದ ಲೆಕ್ಕದಲ್ಲಿ ಕಾರ್ಕಳದ ಮೂರ್ತಿ 1432ರದ್ದು, ವೇಣೂರಿನದು 1604ರದ್ದು. ಪಾಡ್ದನಕ್ಕೆ ಆ ಲೆಕ್ಕ ಬೇಡ. ಕಲ್ಲು ಕೆತ್ತಿದವನ ಕೈ ಕಡಿದದ್ದನ್ನು ಅದು ಮರೆಯುವುದಿಲ್ಲ, ಅಷ್ಟೇ. ಅಂಥ ಕತೆಯ ಜಾಗದಲ್ಲಿ ನಾನು ಇನ್ನೊಂದು ಕತೆಯನ್ನು ಬರೀ ಚಂದದ ಸದ್ದು ಅಂತ ತುಂಬಿಸಿದ್ದೆ. ಶಬ್ದವೇ ನನ್ನ ಕಸುಬು ಅಂದುಕೊಂಡವಳು ಮಾತನ್ನು ಕೇಳಿಸಿಕೊಂಡಿರಲಿಲ್ಲ.

ಅಜ್ಜಿಯೇ ದಾರಿ ತೋರಿಸಿದರು. ಮರುದಿನ ತೆಂಬರೆ ತೆಗೆದುಕೊಂಡು ಬಂದು, ತೊಳೆದ ತುಂಡುಬಟ್ಟೆ ತಲೆಗೆ ಸುತ್ತಿ, ಜಗಲಿಯಲ್ಲಿ ಕೂತು ಒಂದೂವರೆ ಗಂಟೆ ಹೇಳಿದರು. ನಾನು ಚಿತ್ರವನ್ನು ಮತ್ತೆ ಕತ್ತರಿಸಿದೆ. ಈಗ ಆ ಜಾಗದಲ್ಲಿ ಜನರೇಟರಿನ ಗುಡುಗುಡುವೂ ಇದೆ, ಅದರ ಮೇಲೆ ಅವರು ಜಗಲಿಯಲ್ಲಿ ಕೂತು ಹೇಳಿದ್ದು ಅಂತ ಅಕ್ಷರದಲ್ಲಿ ತೋರಿಸಿ, ಆ ಪಾಡ್ದನವೂ ಇದೆ. ನೀವೂ ಹಾಗೆ ಮಾಡಿ. ಅದೇ ಹೆಂಗಸಿನ ಹತ್ತಿರ ಹೋಗಿ ಕೇಳಿ. ಅವರು ಇಲ್ಲದಿದ್ದರೆ ಹಾಳಾದ ಧ್ವನಿಯನ್ನೇ ಇಡಿ. ಎಡಿಟ್ ಮುಗಿದ ಮೇಲೆ ಮೊದಲು ತೋರಿಸುವುದು ಆ ಅಂಗಳದಲ್ಲೇ ಆಗಲಿ, ಚಿತ್ರೋತ್ಸವ ಆಮೇಲೆ.

ಪ್ರಶ್ನೆ: ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಭೂತ, ದೈವ, ಕೋಲ ಇವನ್ನೆಲ್ಲ ಏನಂತ ಬರೆಯುವುದು? ನನ್ನ ನಿರ್ಮಾಪಕರು ಎಲ್ಲಕ್ಕೂ ಒಂದೊಂದು ಇಂಗ್ಲಿಷ್ ಪದ ಬೇಕೇ ಬೇಕು ಅಂತಿದ್ದಾರೆ.
– ಸಾಕ್ಷ್ಯಚಿತ್ರ ಸಂಪಾದಕಿ, ಬೆಂಗಳೂರು

ಉತ್ತರ: ಒಂದೊಂದು ಪದ ಹುಡುಕಲು ಹೋಗಿ ಆದ ಅನಾಹುತ ಹಳೆಯದು. 1886ರಲ್ಲಿ ಬಾಸೆಲ್ ಮಿಶನ್‌ನ ಆಗಸ್ಟ್ ಮ್ಯಾನರ್ ಮಂಗಳೂರಿನಲ್ಲಿ ಪಾಡ್ದನಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಅದು ದೊಡ್ಡ ಉಪಕಾರ. ಎ.ಸಿ. ಬರ್ನೆಲ್ ಅನ್ನುವ ಇಂಗ್ಲಿಷ್ ಅಧಿಕಾರಿ ಸಂಗ್ರಹಿಸಿದ ಪಾಡ್ದನಗಳು, ಅವರು ತೀರಿಕೊಂಡ ಮೇಲೆ, 1894ರಿಂದ ಒಂದು ಪತ್ರಿಕೆಯಲ್ಲಿ ಇಂಗ್ಲಿಷ್‌ನಲ್ಲಿ ಬಂದವು. ಆ ಲೇಖನಗಳ ತಲೆಬರಹದಲ್ಲೇ ತುಳುವರದ್ದು ಡೆವಿಲ್ ಪೂಜೆ ಅಂತ ಇತ್ತು. ಡೆವಿಲ್ ಅಂದರೆ ಅವರ ಧರ್ಮದಲ್ಲಿ ದೇವರ ವೈರಿ. ನಮ್ಮ ಅಂಗಳದಲ್ಲಿ ಜಾಗದ ತಕರಾರು ಬಗೆಹರಿಸಿ, ಮಗುವಿನ ತಲೆ ಮುಟ್ಟಿ ಹರಸುವ ದೈವಕ್ಕೂ ಅದಕ್ಕೂ ಏನು ಸಂಬಂಧ?

ಹಾಗಾಗಿ ದೈವವನ್ನು ದೈವ ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಮೊದಲ ಸಲ ಬಂದಾಗ ಚಿತ್ರದಲ್ಲೇ ಯಾರಾದರೂ ಅದರ ಬಗ್ಗೆ ಹೇಳುವ ಹಾಗೆ ಎಡಿಟ್ ಮಾಡಿ. ನೋಡುವವರು ಐದು ನಿಮಿಷದಲ್ಲಿ ಕಲಿಯುತ್ತಾರೆ. ಜಪಾನಿ ಚಿತ್ರ ನೋಡುವಾಗ ನಾವು ಕಲಿಯುವುದಿಲ್ವಾ? ಕೋಲಕ್ಕೆ ಡ್ಯಾನ್ಸ್ ಅಂತ ಹಾಕಿದರೆ ನುಡಿ ಕೊಡುವುದು, ನ್ಯಾಯ ಹೇಳುವುದು ಎಲ್ಲ ಮಾಯವಾಗುತ್ತದೆ. ಪಾಡ್ದನದ ಸಾಲುಗಳಲ್ಲಿ ಒಂದೇ ಮಾತು ಮೂರು ಸಲ ಬಂದರೆ ಮೂರು ಸಲವೂ ಬರೆಯಿರಿ. ಅದನ್ನು ಕತ್ತರಿಸಿದರೆ ಹಾಡು ಹೋಗಿ ಬರೀ ಕತೆಯ ಸಾರಾಂಶ ಉಳಿಯುತ್ತದೆ.

ಪ್ರಶ್ನೆ: ನಮ್ಮ ತಾತ ನೀಲಗಾರರು. ಮಂಟೇಸ್ವಾಮಿ ಕಥೆ ಹಾಡುತ್ತಾರೆ. ಎರಡು ವರ್ಷದ ಹಿಂದೆ ಚಿಕ್ಕಲ್ಲೂರು ಜಾತ್ರೆಯಲ್ಲಿ ಯಾರೋ ಬಂದು ಶೂಟಿಂಗ್ ಮಾಡಿಕೊಂಡು ಹೋದರು. ಈಗ ಯೂಟ್ಯೂಬಿನಲ್ಲಿ ಓಡುತ್ತಿದೆ. ತಾತನ ಹೆಸರಿಲ್ಲ, ದುಡ್ಡೂ ಕೊಟ್ಟಿಲ್ಲ. ಜಾನಪದ ಎಲ್ಲರ ಸ್ವತ್ತು, ಕೇಳೋಕಾಗಲ್ಲ ಅಂತಾರೆ. ಹೌದಾ ಮೇಡಂ?
– ಓದುಗ, ಚಾಮರಾಜನಗರ ಜಿಲ್ಲೆ

ಉತ್ತರ: ಕಥೆ ಎಲ್ಲರದ್ದಿರಬಹುದು. ನಿಮ್ಮ ತಾತ ಅದನ್ನು ಆ ರಾತ್ರಿ ಹಾಡಿದ್ದು ಎಲ್ಲರದ್ದಲ್ಲ. ಕಾನೂನಿನಲ್ಲೇ ಹಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ಆಗಿ ಪ್ರದರ್ಶಕರ ಹಕ್ಕು ಅಂತ ಸೇರಿತು. ಹಾಡುವವರು, ವಾದ್ಯದವರು, ಕುಣಿಯುವವರು, ದೊಂಬರಾಟದವರು, ಹಾವಾಡಿಗರು ಕೂಡ ಆ ಪಟ್ಟಿಯಲ್ಲಿದ್ದಾರೆ. ಪ್ರದರ್ಶನ ಆದ ಮುಂದಿನ ವರ್ಷದಿಂದ 50 ವರ್ಷ ಆ ಹಕ್ಕು ಇರುತ್ತದೆ. 2012ರ ತಿದ್ದುಪಡಿಯ ಮೇಲೆ, ಪ್ರದರ್ಶಕರು ತಮ್ಮ ಹೆಸರು ಹಾಕಿ ಅನ್ನಬಹುದು, ಮಾನಕ್ಕೆ ಧಕ್ಕೆ ಬರುವ ಹಾಗೆ ತಿರುಚಿದರೆ ತಡೆಯಬಹುದು. ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿಯನ್ನೂ ಕೇಳಬಹುದು.

ಮೊದಲು ಆ ಚಾನೆಲ್‌ನವರಿಗೆ ಒಂದು ಪತ್ರ ಬರೆಯಿರಿ. ಹಾಡಿದವರು ಇವರು, ಇಂಥ ದಿನ, ಇಂಥ ಜಾಗದಲ್ಲಿ, ಹೆಸರು ಹಾಕಿ, ಪಾಲು ಕೊಡಿ ಅಂತ. ವಿಡಿಯೋದ ಲಿಂಕ್, ಹಾಕಿದ ದಿನಾಂಕ, ಎಷ್ಟು ಜನ ನೋಡಿದ್ದಾರೆ ಅನ್ನುವ ಪುಟದ ಫೋಟೋ ಇಟ್ಟುಕೊಳ್ಳಿ. ಕೇಳದಿದ್ದರೆ ತಾಲೂಕು ಕೋರ್ಟಿನಲ್ಲಿರುವ ಉಚಿತ ಕಾನೂನು ನೆರವಿನ ಸಮಿತಿಗೆ ಹೋಗಿ. ಮುಂದೆ ಯಾರಾದರೂ ಕಾಗದಕ್ಕೆ ಸಹಿ ಹಾಕಿ ಅಂತ ಬಂದರೆ, ಕನ್ನಡದಲ್ಲಿ ಇಲ್ಲದ ಕಾಗದಕ್ಕೆ ತಾತ ಹೆಬ್ಬೆಟ್ಟು ಒತ್ತದಿರಲಿ. "ಎಲ್ಲ ಹಕ್ಕು, ಎಂದೆಂದಿಗೂ" ಅನ್ನುವ ಸಾಲು ಇದ್ದರೆ ಅದನ್ನು ಹೊಡೆದು ಹಾಕಿಸಿ.

ಚಿಕ್ಕಲ್ಲೂರಿಗೆ ನಾನೂ ಬಂದಿದ್ದೇನೆ. ಹುಣ್ಣಿಮೆಯ ರಾತ್ರಿ ಬೆಂಕಿ ಹಚ್ಚಿದ ಚಂದ್ರಮಂಡಲ ಅನ್ನುವ ಆಕೃತಿ ಹೊತ್ತಿಕೊಂಡಾಗ ಎಲ್ಲರೂ ಕ್ಯಾಮೆರಾ ಅತ್ತ ತಿರುಗಿಸುತ್ತಾರೆ. ಆ ಹೊತ್ತಿಗೆ ಒಂದು ಮರದ ಕೆಳಗೆ ಮೂರು ಜನ ನೀಲಗಾರರು ತಂಬೂರಿ ಮೀಟಿ ಹಾಡುತ್ತಲೇ ಇದ್ದರು, ಸುತ್ತ ಕೂತ ಒಂದಷ್ಟು ಜನ ಬೆಂಕಿಯ ಕಡೆ ನೋಡಲೇ ಇಲ್ಲ. ತಾತನಿಗೆ ನನ್ನ ನಮಸ್ಕಾರ ಹೇಳಿ.

ಪ್ರಶ್ನೆ: ಬೇರೆ ದೇಶದವರು ಇಂಥ ಆಚರಣೆಗಳನ್ನು ಚಿತ್ರೀಕರಿಸುವಾಗ ಹೇಗೆ ನಡೆದುಕೊಂಡಿದ್ದಾರೆ? ನಾವು ಕಲಿಯುವಂಥದ್ದು ಏನಾದರೂ ಇದೆಯಾ?
– ಕಾಲೇಜು ಅಧ್ಯಾಪಕ, ಮೈಸೂರು

ಉತ್ತರ: ಇಬ್ಬರ ವಿಷಯ ಹೇಳುತ್ತೇನೆ ಸರ್. ಒಂದು, ಮಾಯಾ ಡೆರೆನ್. ಅಮೆರಿಕದ ಚಿತ್ರ ನಿರ್ದೇಶಕಿ. 1947ರಲ್ಲಿ ಹೈಟಿ ದೇಶಕ್ಕೆ ಹೋದರು, ಅಲ್ಲಿನ ವೋಡುನ್ ಆಚರಣೆಯ ಕುಣಿತದ ಮೇಲೆ ಒಂದು ಕಲಾಚಿತ್ರ ಮಾಡಲು. ಅಲ್ಲೂ ದೈವ ಮೈಮೇಲೆ ಬರುತ್ತದೆ. ರಾಶಿ ರಾಶಿ ರೀಲು ತೆಗೆದರು. ನೋಡುತ್ತಾ ಹೋದ ಹಾಗೆ, ತನ್ನ ಕಲೆಗೆ ಬೇಕಾದ ಹಾಗೆ ಇದನ್ನು ಬಗ್ಗಿಸಲು ಆಗುವುದಿಲ್ಲ ಅಂತ ಅವರಿಗೇ ಅನಿಸಿತು. 1953ರಲ್ಲಿ ಪುಸ್ತಕ ಬರೆದರು, ಚಿತ್ರ ಮುಗಿಸಲಿಲ್ಲ. 1961ರಲ್ಲಿ ತೀರಿಕೊಂಡಾಗ ರೀಲುಗಳು ಹಾಗೇ ಇದ್ದವು. ಆಮೇಲೆ ಬೇರೆಯವರು ಜೋಡಿಸಿದರು. ಚಿತ್ರ ಮಾಡಿದವರನ್ನು ಎಲ್ಲರೂ ಹೊಗಳುತ್ತಾರೆ. ಮಾಡದೆ ಬಿಟ್ಟವರ ಬಗ್ಗೆ ನನಗೆ ಗೌರವ ಜಾಸ್ತಿ. ಕೈಯಲ್ಲಿ ಅಷ್ಟು ರೀಲು ಇಟ್ಟುಕೊಂಡು ಸುಮ್ನೆ ಇರುವುದು ಎಷ್ಟು ಕಷ್ಟ ಅಂತ ಈ ಕೆಲಸ ಮಾಡುವವರಿಗೆ ಗೊತ್ತು.

ಎರಡನೆಯದು ಅಮೆರಿಕದ ಅರಿಜೋನಾದ್ದು. 1966ರಲ್ಲಿ ಸೋಲ್ ವರ್ತ್ ಮತ್ತು ಜಾನ್ ಅಡೇರ್ ಅನ್ನುವ ಇಬ್ಬರು ಪೈನ್ ಸ್ಪ್ರಿಂಗ್ಸ್ ಅನ್ನುವ ಊರಿನ ನವಾಹೊ ಅನ್ನುವ ಮೂಲನಿವಾಸಿ ಜನರ ಕೈಗೇ ಕ್ಯಾಮೆರಾ ಕೊಡಲು ಹೋದರು. ಮೊದಲು ಊರಿನ ಹಿರಿಯ ಮದ್ದಿನವರಾದ ಸ್ಯಾಮ್ ಯಾಜಿ ಅವರ ಒಪ್ಪಿಗೆ ಕೇಳಿದರು. ಅವರು ಕೇಳಿದ್ದು ಇಷ್ಟು: ಸಿನಿಮಾ ಮಾಡಿದರೆ ಕುರಿಗಳಿಗೆ ಕೆಡುಕಾಗುತ್ತಾ? ಇಲ್ಲ ಅಂದರು ವರ್ತ್. ಕುರಿಗಳಿಗೆ ಒಳ್ಳೆಯದಾಗುತ್ತಾ? ಅದೂ ಇಲ್ಲ. ಹಾಗಾದರೆ ಯಾಕೆ ಮಾಡುವುದು?

ಕೊನೆಗೂ ಅಲ್ಲಿನವರು ಚಿತ್ರಗಳನ್ನು ಮಾಡಿದರು. ಅವುಗಳಲ್ಲಿ ನಡೆಯುವ ದೃಶ್ಯಗಳೇ ತುಂಬಾ. ಬೆಳ್ಳಿ ಕೆಲಸದವ ಲೋಹ ಹುಡುಕುತ್ತಾ ನಡೆಯುತ್ತಾನೆ, ನೇಯುವವಳು ಬಣ್ಣಕ್ಕೆ ಬೇರು ಹುಡುಕುತ್ತಾ ನಡೆಯುತ್ತಾಳೆ. ಹೊರಗಿನವರಾಗಿದ್ದರೆ ಬರೀ ಮಗ್ಗ, ಕುಲುಮೆ ತೋರಿಸಿ ನಡಿಗೆಯನ್ನು ಕತ್ತರಿಸುತ್ತಿದ್ದರು. ಅದನ್ನು ಓದಿದ ಮೇಲೆ ನಾನೂ ಒಂದು ಸಲ, ದೈವ ಕಟ್ಟುವ ಮನೆಯ ಹದಿನಾಲ್ಕು ವರ್ಷದ ಹುಡುಗನ ಕೈಗೆ ಕ್ಯಾಮೆರಾ ಕೊಟ್ಟೆ. ಅವನು ನೇಮದ ರಾತ್ರಿಯನ್ನು ತೆಗೆಯಲಿಲ್ಲ. ಅಪ್ಪ ತೋಟಕ್ಕೆ ಹೋಗಿ ಸಿರಿಗೆ ಎಳೆ ಗರಿ ಆರಿಸುವುದನ್ನು ನಲವತ್ತು ನಿಮಿಷ ತೆಗೆದ. ಒಂದೊಂದು ಗರಿಯನ್ನೂ ಬೆಳಕಿಗೆ ಹಿಡಿದು, ಕಲೆ ಇದ್ದದ್ದನ್ನು ಬದಿಗಿಟ್ಟು, ಉಗುರಿನಿಂದ ಸೀಳಿ ನೋಡುತ್ತಾರೆ. ಹತ್ತು ವರ್ಷ ಅದೇ ಊರಿಗೆ ಹೋಗಿಬಂದ ನಾನು ಅದನ್ನು ಒಂದು ಸಲವೂ ನೋಡಿರಲಿಲ್ಲ.

ಪ್ರಶ್ನೆ: ನಿಮ್ಮ ಚಿತ್ರಗಳನ್ನು ನೋಡಿದ್ದೇನೆ ಮಗಳೇ. ಒಂದೇ ಪ್ರಶ್ನೆ. ನೀನು ದೈವವನ್ನು ನಂಬುತ್ತೀಯಾ?
– ನಿವೃತ್ತ ಶಿಕ್ಷಕ, ಕಾರ್ಕಳ

ಉತ್ತರ: ಮಾಷ್ಟ್ರೇ, ನೇರವಾಗಿ ಕೇಳಿದ್ದೀರಿ, ನೇರವಾಗಿ ಹೇಳುತ್ತೇನೆ. ನನ್ನ ಅಪ್ಪನಿಗೂ ದೊಡ್ಡಪ್ಪನಿಗೂ ಒಂದು ತೋಡಿನ ನೀರಿನ ವಿಷಯದಲ್ಲಿ ಹನ್ನೊಂದು ವರ್ಷ ಮಾತಿರಲಿಲ್ಲ. ಮನೆಯ ಕೋಲದಲ್ಲಿ ದೈವ ಇಬ್ಬರನ್ನೂ ಮುಂದೆ ಕರೆದು, ಒಂದೇ ಹರಿವಾಣವನ್ನು ಇಬ್ಬರ ಕೈಗೂ ಕೊಟ್ಟು ನಿಲ್ಲಿಸಿತು. ಅರ್ಧ ಗಂಟೆ. ಹರಿವಾಣ ನಡುಗುತ್ತಿತ್ತು. ಬೆಳಗಾದ ಮೇಲೆ ದೊಡ್ಡಪ್ಪ ನಮ್ಮ ಮನೆಯಲ್ಲಿ ಚಾ ಕುಡಿದರು. ಕೋರ್ಟಿನಲ್ಲಿ ಆಗದ್ದು ಅಲ್ಲಿ ಆಯಿತು. ಅಲ್ಲಿ ನಿಂತಿದ್ದ ನನಗೆ ನಂಬುವುದು ಬಿಡುವುದು ಅಂತ ಎರಡು ದಾರಿ ಕಾಣಿಸಲಿಲ್ಲ.

ಆ ರಾತ್ರಿ ನನ್ನ ರೆಕಾರ್ಡರ್ ಓಡುತ್ತಿತ್ತು. ದೈವದ ನುಡಿ, ಅಪ್ಪ ಅತ್ತದ್ದು, ಎಲ್ಲ ಅದರಲ್ಲಿದೆ. ಅದನ್ನು ಯಾವ ಚಿತ್ರದಲ್ಲೂ ಬಳಸಿಲ್ಲ. ಕಾರ್ಡನ್ನು ಅಮ್ಮನ ಕೈಗೆ ಕೊಟ್ಟೆ, ದೇವರ ಕೋಣೆಯ ಡಬ್ಬಿಯಲ್ಲಿದೆ. ಬೇರೆಯವರ ಮನೆಯ ನುಡಿಯನ್ನು ರೆಕಾರ್ಡ್ ಮಾಡುವಾಗಲೆಲ್ಲ ನನಗೆ ಆ ಡಬ್ಬಿ ನೆನಪಾಗುತ್ತದೆ. ಅದು ಅವರ ಮನೆಯ ಜಗಳ, ಅವರ ಕಣ್ಣೀರು. ಹಾಗಾಗಿ ನುಡಿಯ ಭಾಗವನ್ನು ಮನೆಯವರು ತಾವಾಗಿ ಹಾಕು ಅನ್ನದ ಹೊರತು ನಾನು ಹಾಕುವುದಿಲ್ಲ.

ಪ್ರಶ್ನೆ: ಅಕ್ಕಾ, ಇನ್ನೊಂದು ಕೇಳಲು ಮರೆತಿದ್ದೆ. ಪತ್ತನಾಜೆ ಕಳೆದರೆ ದೀಪಾವಳಿವರೆಗೆ ಕೋಲ ಇರಲ್ಲ. ಮಳೆಗಾಲ ಪೂರ್ತಿ ನಾನು ಸುಮ್ನೆ ಕೂರಬೇಕಾ?
– ಅದೇ ವಿದ್ಯಾರ್ಥಿನಿ, ಉಜಿರೆ

ಉತ್ತರ: ಪತ್ತನಾಜೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತಕ್ಕೆ, ಗಗ್ಗರ ಬಿಚ್ಚಿದರೂ ಪಾಡ್ದನ ನಿಲ್ಲುವುದಿಲ್ಲ ತಂಗೀ. ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೆಂಗಸರು ಹೇಳುತ್ತಿದ್ದದ್ದು ಅದನ್ನೇ. ಈಗ ನೆಡಲು ಯಂತ್ರ ಬಂದಿದೆ, ಗದ್ದೆಗಳೇ ತೋಟ ಆಗಿವೆ. ಆದರೆ ಹೇಳುತ್ತಿದ್ದವರು ಇನ್ನೂ ಕೆಲವರು ಇದ್ದಾರೆ. ನೀನು ಬಹಳ ದೂರ ಹೋಗಬೇಕಿಲ್ಲ. ನಿನ್ನ ಉಜಿರೆಯ ಪಕ್ಕದ ಮಾಚಾರಿನ ಗೋಪಾಲ ನಾಯ್ಕರು ಸಿರಿ ಅನ್ನುವ ಹೆಣ್ಣಿನ ಕತೆಯನ್ನು ಹಾಡಿದ್ದು 1990ರ ಡಿಸೆಂಬರ್‌ನಲ್ಲಿ. ಜಾನಪದ ವಿದ್ವಾಂಸರಾದ ಫಿನ್‌ಲ್ಯಾಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಕೂತು ದಿನಗಟ್ಟಲೆ ಕೇಳಿ ರೆಕಾರ್ಡ್ ಮಾಡಿ, ಆಮೇಲೆ ಬರೆದುಕೊಂಡರು. 15,683 ಸಾಲು ಆಯಿತು. 1998ರಲ್ಲಿ ಅಚ್ಚಾಯಿತು. ಅಷ್ಟನ್ನೂ ಒಬ್ಬ ಮನುಷ್ಯ ಪುಸ್ತಕ ಇಲ್ಲದೆ ಹಾಡಿದ್ದು.

ಮೊದಲು ಮನೆಯಿಂದಲೇ ಶುರು ಮಾಡು. ಅಜ್ಜಿ ಇದ್ದಾರೆ ಅಂತ ಪತ್ರದಲ್ಲಿ ಬರೆದಿದ್ದೀಯ. ಹೆಂಚಿನ ಮೇಲೆ ಮಳೆ ಬೀಳುವಾಗ ಜಗಲಿಯಲ್ಲಿ ರೆಕಾರ್ಡ್ ಮಾಡಲು ಆಗುವುದಿಲ್ಲ. ಭತ್ತದ ಮೂಟೆ ಇಡುವ ಒಳಕೋಣೆ ಇದ್ದರೆ ಅಲ್ಲಿ ಕೂರಿಸು. ಮೂಟೆ, ಗೋಣಿ ಎಲ್ಲ ಸದ್ದನ್ನು ಹೀರುತ್ತವೆ, ದನಿ ಚೊಕ್ಕ ಬರುತ್ತದೆ. ಫ್ಯಾನ್ ಆರಿಸು, ಫ್ರಿಜ್ ಆರಿಸು, ಆಮೇಲೆ ಫ್ರಿಜ್ ಹಾಕಲು ಮರೆಯಬೇಡ. ಮೊದಲ ದಿನ ಅವರು ಎರಡು ಸಾಲು ಹೇಳಿ ಮರೆತುಹೋಯಿತು ಅನ್ನುತ್ತಾರೆ. ಕೂತು ಹೇಳಿ ಅಭ್ಯಾಸ ಇಲ್ಲ, ಕೈಗೆ ನೇಜಿ ಬೇಕು. ಒಂದು ಮುಷ್ಟಿ ಹುಲ್ಲು ಕೊಟ್ಟು ನೋಡು. ನಮ್ಮಜ್ಜಿಗೆ ನಾನು ಅದನ್ನೇ ಕೊಟ್ಟಿದ್ದೆ. ಹುಲ್ಲನ್ನು ಒಂದೊಂದಾಗಿ ಬೇರ್ಪಡಿಸುತ್ತಾ, ಬಾಗಿಲ ಕಡೆ ನೋಡುತ್ತಾ, ಸಂಜೆ ದೀಪ ಹಚ್ಚುವವರೆಗೆ ಹೇಳಿದರು.